ಖಾಲಿ ಫ್ಲ್ಯಾಟ್, ನಿಲ್ಲದ ಕಂತು

ಆರ್ಥಿಕ ಹಿನ್ನಡೆಯ ಕಾಲದಲ್ಲಿ ಜಾಗ, ಫ್ಲ್ಯಾಟ್‌ಗಳ ಮೇಲೆ ಹಣ ಹಾಕಿದವರಿಗೆ ಮೊದಲ ಪೆಟ್ಟು ಬೀಳುವುದು ಬೆಲೆ ಇಳಿಕೆಯಿಂದಲ್ಲ. ಉಡುಪಿಯ ಕಡೆ ಸೆಂಟ್ಸಿಗೆ ಇಷ್ಟು ಎಂದು ಹೇಳಿದ ರೇಟನ್ನು ಯಾರೂ ಸುಲಭಕ್ಕೆ ಇಳಿಸುವುದಿಲ್ಲ. ಕೊಳ್ಳುವವರು ಮಾತ್ರ ಬರುವುದಿಲ್ಲ. ವ್ಯವಹಾರ ಕುದುರದೆ ವರ್ಷ ಉರುಳುತ್ತದೆ, ಬ್ಯಾಂಕಿನ ಕಂತು ತಿಂಗಳು ತಪ್ಪದೆ ಬರುತ್ತದೆ. ನಷ್ಟ ಹುಟ್ಟುವುದು ಈ ಕಾಯುವಿಕೆಯಲ್ಲಿ.

ಮಣಿಪಾಲದಲ್ಲಿ ಇದು ಢಾಳಾಗಿ ಕಂಡಿತು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭವಾದ ಬಳಿಕ ಬೆಳೆದ ಈ ಊರಿನ ಬಾಡಿಗೆ ವ್ಯವಹಾರ ಬಹುಪಾಲು ವಿದ್ಯಾರ್ಥಿಗಳನ್ನು ನಂಬಿದೆ. ಬಾಡಿಗೆಯಿಂದಲೇ ಕಂತು ತೀರುತ್ತದೆ ಎಂಬ ಲೆಕ್ಕದಲ್ಲಿ ಫ್ಲ್ಯಾಟ್ ಕೊಳ್ಳುವವರು ಇಲ್ಲಿ ಕಡಿಮೆಯಲ್ಲ. 2020ರ ಮಾರ್ಚ್‌ನಲ್ಲಿ ತರಗತಿಗಳು ನಿಂತು ವಿದ್ಯಾರ್ಥಿಗಳು ಊರಿಗೆ ಮರಳಿದಾಗ ಆ ಲೆಕ್ಕ ತಪ್ಪಿತು. ಬಾಡಿಗೆ ನಿಂತರೂ ನಿರ್ವಹಣಾ ಶುಲ್ಕ, ಕಟ್ಟಡ ತೆರಿಗೆ ನಿಲ್ಲಲಿಲ್ಲ.

ಆಗ ರಿಸರ್ವ್ ಬ್ಯಾಂಕ್ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಹಲವರು ಅದನ್ನು ಮನ್ನಾ ಎಂದೇ ತಿಳಿದರು. ಶೇ 7ರ ಬಡ್ಡಿಯಲ್ಲಿ 20 ವರ್ಷಕ್ಕೆ ತೆಗೆದ 40 ಲಕ್ಷ ರೂಪಾಯಿ ಸಾಲಕ್ಕೆ ತಿಂಗಳ ಕಂತು ಸುಮಾರು 31,000 ರೂ. ಆರಂಭದಲ್ಲೇ ಆರು ತಿಂಗಳು ಕಟ್ಟದಿದ್ದರೆ 1.4 ಲಕ್ಷ ರೂ. ಬಡ್ಡಿ ಅಸಲಿಗೆ ಸೇರುತ್ತದೆ. ಕಂತು ಅಷ್ಟೇ ಉಳಿಸಿಕೊಂಡರೆ ಮುಂದೆ ಕಟ್ಟಬೇಕಾದ ಕಂತುಗಳು 240ರಿಂದ 260ಕ್ಕೆ ಏರುತ್ತವೆ. ಬಡ್ಡಿಯ ಮೇಲೆ ಬಡ್ಡಿ ಹಾಕಬಾರದೆಂದು 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತಾದರೂ ಮೂಲ ಬಡ್ಡಿ ಸಾಲಗಾರನ ತಲೆಯ ಮೇಲೇ ಉಳಿಯಿತು.

ಅಗ್ಗದ ಸಾಲವೂ ಶಾಶ್ವತವಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಬದಲಾಗುವ ಬಡ್ಡಿಯ ಗೃಹಸಾಲಗಳು ರಿಸರ್ವ್ ಬ್ಯಾಂಕಿನ ರೆಪೊ ದರದಂತಹ ಬಾಹ್ಯ ದರಕ್ಕೆ ಜೋಡಣೆಯಾಗಿವೆ. ಹಿನ್ನಡೆಯಲ್ಲಿ ಶೇ 4ಕ್ಕೆ ಇಳಿದಿದ್ದ ರೆಪೊ 2023ರ ಫೆಬ್ರವರಿ ಹೊತ್ತಿಗೆ ಶೇ 6.5ಕ್ಕೆ ಏರಿತು. ಮೇಲಿನ ಸಾಲದ ಬಡ್ಡಿ ಅಷ್ಟೇ ಏರಿ ಶೇ 9.5 ಆದರೆ, ಅದೇ ಅವಧಿಗೆ ಕಂತು 37,000 ರೂ. ದಾಟುತ್ತದೆ. ಬಾಡಿಗೆ ಆ ವೇಗದಲ್ಲಿ ಏರಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಸಾಲ ಎಷ್ಟು ಸಿಗುತ್ತದೆ ಎಂಬುದಕ್ಕೂ ಮಿತಿಯಿದೆ. 30 ಲಕ್ಷದವರೆಗಿನ ಗೃಹಸಾಲ ಆಸ್ತಿ ಮೌಲ್ಯದ ಶೇ 90ರವರೆಗೆ, 75 ಲಕ್ಷದವರೆಗೆ ಶೇ 80, ಅದಕ್ಕಿಂತ ಮೇಲೆ ಶೇ 75. ಉಳಿದದ್ದು ಕೈಯಿಂದಲೇ ಹೋಗಬೇಕು. ಆ ಮುಂಗಡಕ್ಕೂ ಸೊಸೈಟಿಯಲ್ಲಿ ಚಿನ್ನ ಅಡವಿಟ್ಟವರು ಎರಡು ಸಾಲ ಒಟ್ಟಿಗೆ ಹೊರುತ್ತಾರೆ. ಅಪಾಯದ ಆರಂಭ ಹೆಚ್ಚಾಗಿ ಇಲ್ಲೇ.

ನಿರ್ಮಾಣ ಹಂತದ ಫ್ಲ್ಯಾಟ್‌ಗೆ ಹಿನ್ನಡೆಯ ಕಾಲದಲ್ಲಿ ಇನ್ನೊಂದು ಭಯ: ಬಿಲ್ಡರನ ಬಳಿ ಹಣ ಮುಗಿದು ಕೆಲಸ ನಿಲ್ಲುವುದು. 2016ರ ರಿಯಲ್ ಎಸ್ಟೇಟ್ ನಿಯಂತ್ರಣ (ರೇರಾ) ಕಾಯ್ದೆಯಂತೆ ಗ್ರಾಹಕರಿಂದ ಪಡೆದ ಹಣದ ಶೇ 70 ಪ್ರತ್ಯೇಕ ಖಾತೆಯಲ್ಲಿರಬೇಕು. ಆದರೆ ಜಾಗ 500 ಚದರ ಮೀಟರ್ ಮೀರದ ಅಥವಾ ಎಂಟು ಫ್ಲ್ಯಾಟ್ ಮೀರದ ಯೋಜನೆಗಳಿಗೆ ನೋಂದಣಿ ಕಡ್ಡಾಯವಲ್ಲ. ಸಣ್ಣ ಕಟ್ಟಡಗಳಲ್ಲಿ ಫ್ಲ್ಯಾಟ್ ಕೊಳ್ಳುವವರಿಗೆ ಈ ರಕ್ಷಣೆ ಇಲ್ಲವೆಂದೇ ತಿಳಿಯಬೇಕು.

ಕಾಪುವಿನಲ್ಲಿ ಕಥೆ ಬೇರೆ. ಕರಾವಳಿಯ ಈ ಭಾಗಕ್ಕೆ ಮುಂಬೈ ಮತ್ತು ಕೊಲ್ಲಿ ದೇಶಗಳ ದುಡಿಮೆಯ ಹಣ ಬರುತ್ತದೆ. 2008ರ ಬಳಿಕ ದುಬೈ ಕುಸಿದಾಗಲೋ, 2014ರಿಂದ ತೈಲ ಬೆಲೆ ಇಳಿದಾಗಲೋ ಅಲ್ಲಿ ಕೆಲಸ ಹೋದವನ ಸಂಬಳವೂ, ಊರಲ್ಲಿ ಅವನ ಜಾಗಕ್ಕೆ ಬರಬಹುದಾದ ಗಿರಾಕಿಯ ಸಂಬಳವೂ ಒಟ್ಟಿಗೆ ಅಲುಗಿದವು. ಸಮುದ್ರದ ನೋಟದ ಜಾಗಕ್ಕೆ ಕಡಲ್ಕೊರೆತದ ಜೊತೆ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿರ್ಬಂಧವೂ ಇದೆ: ಜನಸಾಂದ್ರತೆ ಕಡಿಮೆಯಿರುವ ಗ್ರಾಮೀಣ ತೀರದಲ್ಲಿ ಉಬ್ಬರ ರೇಖೆಯಿಂದ 200 ಮೀಟರ್‌ವರೆಗೆ ಹೊಸ ಮನೆ ಕಟ್ಟುವುದು ಕಷ್ಟ.

ಕಾರ್ಕಳದ ಕಡೆ ತೋಟ, ಗುಡ್ಡದ ಜಾಗ ಎಕರೆ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ವರ್ಗ (ಪಟ್ಟಾ) ಜಾಗ ಎಷ್ಟು, ಕುಮ್ಕಿ ಎಷ್ಟು ಎಂದು ಪಹಣಿ ಮತ್ತು ನಕ್ಷೆಯಲ್ಲಿ ನೋಡಬೇಕು. ಕುಮ್ಕಿ ಸರಕಾರದ ಜಾಗ; ಸೊಪ್ಪು, ಕಟ್ಟಿಗೆ ತೆಗೆಯುವ ಸವಲತ್ತಿದೆ, ಮಾರುವ ಹಕ್ಕಿಲ್ಲ. ರಾಜ್ಯದ ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು, ಆದರೆ ಅನಿವಾಸಿ ಭಾರತೀಯರಿಗೆ ವಿದೇಶಿ ವಿನಿಮಯ ನಿಯಮ ಅಡ್ಡ ಬರುತ್ತದೆ. ಕನ್ವರ್ಷನ್ (ಭೂಪರಿವರ್ತನೆ) ಆಗದ ಜಾಗಕ್ಕೆ ಗೃಹಸಾಲ ಸಿಗುವುದು ದುರ್ಲಭ. ಕಂತು ತಪ್ಪಿದಾಗ ಬ್ಯಾಂಕ್ 60 ದಿನಗಳ ನೋಟಿಸ್ ಕೊಟ್ಟು ಸಾಲ ವಸೂಲಾತಿಯ ಸರ್ಫೇಸಿ ಕಾಯ್ದೆಯಡಿ ಮನೆಯನ್ನು ಸ್ವಾಧೀನಕ್ಕೆ ಪಡೆದು ಹರಾಜು ಹಾಕಬಹುದು. ಕೃಷಿಭೂಮಿಯನ್ನು ಆ ಕಾಯ್ದೆ ಹೊರಗಿಟ್ಟಿದೆ. ಹಾಗಾಗಿಯೇ ಅಂತಹ ಜಾಗದ ಮೇಲೆ ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕುತ್ತವೆ, ಕೊಳ್ಳುವವರು ಪೂರ್ತಿ ಹಣ ಹಿಡಿದೇ ಬರಬೇಕಾಗುತ್ತದೆ. ಹಿನ್ನಡೆಯಲ್ಲಿ ಅಂಥವರು ಇನ್ನೂ ವಿರಳ.