ನಿದ್ದೆಗೆ ಗುಳಿಗೆ ಕೇಳುವ ಮುನ್ನ

ಮುಧೋಳ ತಾಲ್ಲೂಕಿನ ತಿಮ್ಮಾಪುರದ ರನ್ನನಗರದಲ್ಲಿ ಸಕ್ಕರೆ ಕಾರ್ಖಾನೆ, ಅತ್ತ ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗ, ನಡುವೆಲ್ಲ ಕಬ್ಬು. ಈ ಸೀಮೆಯಲ್ಲಿ ರಾತ್ರಿಯೂ ದುಡಿಮೆಯ ಹೊತ್ತೇ. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ರೈತ ಬ್ಯಾಟರಿ ಹಿಡಿದು ನೀರು ಹಾಯಿಸಲು ಹೊರಡಬೇಕು. "ನಿದ್ದೀನ ಬರವಲ್ದು, ಒಂದು ಗುಳಿಗಿ ಕೊಡ್ರಿ" ಎಂದು ಔಷಧಿ ಅಂಗಡಿಯಲ್ಲಿ ಕೇಳುವವರಿಗೆ ಇಲ್ಲಿ ಬರವಿಲ್ಲ. ಆದರೆ ಆ ಒಂದು ಮಾತಿನ ಹಿಂದೆ ನಾಲ್ಕಾರು ಬೇರೆ ಬೇರೆ ತೊಂದರೆಗಳಿರಬಹುದು. ಒಂದಕ್ಕೆ ಕೊಡುವ ಗುಳಿಗೆ ಇನ್ನೊಂದನ್ನು ಕೆಡಿಸೀತು.

ಅತಿ ಹೆಚ್ಚು ಕಡೆಗಣಿಸಿರುವುದು ಗೊರಕೆಯನ್ನು. ಗೊರಕೆ ಹೊಡೆಯುವವನು ಸುಖವಾಗಿ ಮಲಗಿದ್ದಾನೆಂದು ನಗುತ್ತೇವೆ. ಪಕ್ಕದಲ್ಲಿ ಮಲಗಿದವಳಿಗೆ ಕೇಳುವುದೇ ಬೇರೆ: ಗೊರಕೆ ಏರುತ್ತ ಹೋಗಿ ತಟ್ಟನೆ ನಿಲ್ಲುತ್ತದೆ, ಎದೆ ಏದುತ್ತಿದ್ದರೂ ಗಾಳಿ ಆಡುವುದಿಲ್ಲ, ಆಮೇಲೆ ಗಕ್ಕನೆ ಉಸಿರೆಳೆದು ಮಗ್ಗುಲು ಬದಲಿಸುತ್ತಾನೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಅರೆ ಎಚ್ಚರಗೊಳಿಸಿ ದಾರಿ ತೆರೆಸುತ್ತದೆ. ಇದೇ ಸ್ಲೀಪ್ ಆಪ್ನಿಯಾ. ಕನಿಷ್ಠ 10 ಸೆಕೆಂಡಿನ ಇಂಥ ತಡೆಗಳು ಗಂಟೆಗೆ 5ರಿಂದ 15 ಇದ್ದರೆ ಸೌಮ್ಯ, 30 ಮುಟ್ಟಿದರೆ ತೀವ್ರ. ಬೆಳಗ್ಗೆ ಅವನಿಗೆ ಯಾವುದೂ ನೆನಪಿರುವುದಿಲ್ಲ. ತಲೆನೋವು, ಹಗಲು ತೂಕಡಿಕೆ, ಹತೋಟಿಗೆ ಬಾರದ ಬಿಪಿ ಉಳಿಯುತ್ತವೆ. ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರಿನ ಚಾಲಕ ಹೀಗೆ ತೂಕಡಿಸಿದರೆ ಏನಾದೀತೆಂದು ಹೇಳಬೇಕಿಲ್ಲ. ಸೆರೆಯೂ ಹಲವು ನಿದ್ದೆ ಗುಳಿಗೆಗಳೂ ಈ ಉಸಿರಿನ ತಡೆಯನ್ನು ಹೆಚ್ಚಿಸಬಲ್ಲವು. ಹಾಗಾಗಿ ವೈದ್ಯರ ಬಳಿ ಹೆಂಡತಿಯೂ ಹೋಗಬೇಕು; ಗೊರಕೆಯ ಮೊಬೈಲ್ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು.

ಪತ್ತೆಗೆ ಪಾಲಿಸೋಮ್ನೋಗ್ರಫಿ ಎಂಬ ಪರೀಕ್ಷೆಯಿದೆ. ತಲೆಗೆ ತಂತಿ, ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ ಹಾಕಿ ಒಂದು ರಾತ್ರಿ ಮಲಗಿಸುತ್ತಾರೆ, ನೋವೇನಿಲ್ಲ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು ಕೆಲವರಿಗೆ ಸಾಕಾಗುತ್ತದೆ. ತೀವ್ರವಿದ್ದರೆ ಸಿಪ್ಯಾಪ್: ಮೂಗಿನ ಮುಖವಾಡದಿಂದ ಒತ್ತಡದ ಗಾಳಿ ಬಿಟ್ಟು ಗಂಟಲು ಕುಸಿಯದಂತೆ ತಡೆಯುವ ಯಂತ್ರ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಇದನ್ನು ಜಗತ್ತಿಗೆ ತಿಳಿಸಿದರು. ಮೊದಲ ವಾರ ಕಿರಿಕಿರಿ; ಬಹಳ ಮಂದಿ ಅಲ್ಲೇ ಕೈಬಿಡುತ್ತಾರೆ, ಬಿಡಬಾರದು.

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಹಗಲಿನ ಕೆಲಸವೂ ಕೆಟ್ಟು, ಮೂರು ತಿಂಗಳು ಕಳೆದರೆ ಅದು ದೀರ್ಘಕಾಲದ ನಿದ್ರಾಹೀನತೆ. ಇದಕ್ಕೂ ಮೊದಲ ಮದ್ದು ಗುಳಿಗೆಯಲ್ಲ, ಸಿಬಿಟಿ-ಐ ಎಂಬ ತರಬೇತಿ. ನಿದ್ದೆ ಬಂದಾಗಷ್ಟೇ ಹಾಸಿಗೆಗೆ ಹೋಗುವುದು. ಸುಮಾರು 20 ನಿಮಿಷ ಹೊರಳಾಡಿದರೆ ಎದ್ದು ಹೊರಗೆ ಕೂರುವುದು. ರಾತ್ರಿ ಹೇಗೇ ಕಳೆದಿರಲಿ, ಬೆಳಗ್ಗೆ ಒಂದೇ ಹೊತ್ತಿಗೆ ಏಳುವುದು. ಆಲ್ಪ್ರಜೋಲಾಮ್‌ನಂಥ ಗುಳಿಗೆ ಕೆಲ ವಾರಗಳಲ್ಲೇ ಚಟವಾಗಬಹುದು. ನಿತ್ಯ ನುಂಗುತ್ತಿರುವವರು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ರಾತ್ರಿ ಪಾಳಿಯವರ ಕಥೆ ಬೇರೆ. ಅವರ ದೇಹದ ಗಡಿಯಾರ ಬೆಳಕನ್ನು ನಂಬುತ್ತದೆ, ಮಾಲೀಕನ ಪಾಳಿಯನ್ನಲ್ಲ. ಪಾಳಿಗೆ ಮುಂಚೆ ಒಂದು ಸಣ್ಣ ನಿದ್ದೆ, ಪಾಳಿಯ ಕೊನೆಯ ಅರ್ಧದಲ್ಲಿ ಚಹಾ ಬಂದ್, ಮನೆಗೆ ಬಂದ ಮೇಲೆ ಕಿಟಕಿಗೆ ದಪ್ಪ ಪರದೆ. ಮಗ್ಗದ ಮನೆಗಳಲ್ಲಿ ಹಗಲು ಖಟಪಟ ನಿಲ್ಲುವುದಿಲ್ಲವಾದ್ದರಿಂದ ಕಿವಿಗೆ ಹತ್ತಿಯೂ ಬೇಕಾದೀತು.

ಸಂಜೆ ಮಲಗಿದೊಡನೆ ಕಾಲೊಳಗೆ ಏನೋ ಹರಿದಂತಾಗಿ, ಅಲ್ಲಾಡಿಸಿದರಷ್ಟೇ ಹಾಯೆನಿಸಿದರೆ ರಕ್ತದ ಫೆರಿಟಿನ್ ಪರೀಕ್ಷಿಸಬೇಕು. ಕಬ್ಬಿಣಾಂಶದ ಕೊರತೆಯಿಂದಲೂ ಹೀಗಾಗುತ್ತದೆ, ಬಸುರಿಯರಲ್ಲಿ ಹೆಚ್ಚು. ಕೊರತೆ ಇದ್ದವರಿಗೆ ಕಬ್ಬಿಣದ ಗುಳಿಗೆಯೇ ಎಷ್ಟೋ ಸಲ ಸಾಕಾಗುತ್ತದೆ. ಊಟದ ಜೊತೆಗಿನ ಚಹಾ ಮಾತ್ರ ಆ ಕಬ್ಬಿಣವನ್ನು ಹೀರಗೊಡುವುದಿಲ್ಲ.

ಮೊದಲು ಮುಧೋಳದ ತಾಲ್ಲೂಕು ಆಸ್ಪತ್ರೆ, ಜಟಿಲವಿದ್ದರೆ ಬೆಂಗಳೂರಿನ ನಿಮ್ಹಾನ್ಸ್. ಚಿಂತೆಯೇ ನಿದ್ದೆ ಕದ್ದಿದ್ದರೆ 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಆಸ್ಪತ್ರೆಗೆ ಹೋಗುವಾಗ ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಚೀಟಿ ಒಯ್ಯಿರಿ: ಬಿಪಿಗೆ ಕೊಟ್ಟ ಮೂತ್ರದ ಗುಳಿಗೆಯನ್ನು ರಾತ್ರಿ ನುಂಗುವವರ ನಿದ್ದೆ, ವೈದ್ಯರು ಅದನ್ನು ಬೆಳಗ್ಗೆಗೆ ಬದಲಿಸಿದ ಮೇಲೆ ಸರಿಹೋಗುವುದುಂಟು.