ಬೀಗದ ಕೈ ಬಿಡಿ, ಗಡಿಯಾರ ನೋಡಿ

ಬಸ್ ನಿಲ್ದಾಣದಲ್ಲಿ ಯಾರಾದರೂ ಫಿಟ್ಸ್ ಬಂದು ಬಿದ್ದರೆ ನೆರೆದವರು ಮೊದಲು ಹುಡುಕುವುದು ಬೀಗದ ಕೈಯನ್ನು. ಸಿಗದಿದ್ದರೆ ಈರುಳ್ಳಿ, ಕೊನೆಗೆ ಚಪ್ಪಲಿ! ಆ ಗುಂಪಿನಲ್ಲಿ ನರ್ಸಿಂಗ್ ಅಥವಾ ಫಾರ್ಮಸಿ ಓದುವ ಹುಡುಗನಿದ್ದರೆ? ಅಪಸ್ಮಾರದ ವಿಧಗಳನ್ನು ಪರೀಕ್ಷೆಯಲ್ಲಿ ಪಟಪಟನೆ ಬರೆದವನೂ ಗಾಬರಿಯಲ್ಲಿ ಅಜ್ಜಿ ಮಾಡುತ್ತಿದ್ದುದನ್ನೇ ಮಾಡಿಬಿಡಬಹುದು.

ಮಿದುಳಿನ ನರಕೋಶಗಳ ವಿದ್ಯುತ್ ಚಟುವಟಿಕೆ ಹಠಾತ್ತನೆ ಅಂಕೆ ಮೀರಿದಾಗ ಬರುವುದು ಸೆಳವು. ಸಾಮಾನ್ಯವಾಗಿ ಅದು ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಅಷ್ಟರಲ್ಲಿ ಯಾರೋ ಬೀಗದ ಕೈ ಕೊಟ್ಟಿರುತ್ತಾರೆ, ಕೀರ್ತಿ ಅದಕ್ಕೆ ಹೋಗುತ್ತದೆ. ನಿಜಕ್ಕೂ ಮಾಡಬೇಕಾದುದು ಬಹಳ ಸರಳ: ತಲೆಯಡಿ ಮೆತ್ತನೆಯದೇನಾದರೂ ಇಟ್ಟು, ಕೊರಳ ಬಳಿ ಬಟ್ಟೆ ಸಡಿಲಿಸಿ, ಸೆಳೆತ ನಿಂತ ಕೂಡಲೇ ಪಕ್ಕಕ್ಕೆ ಹೊರಳಿಸಿ ಮಲಗಿಸುವುದು. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಕೂಡದು, ಕೈಕಾಲು ಅದುಮಿ ಹಿಡಿಯಕೂಡದು. ಐದು ನಿಮಿಷ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅದಕ್ಕೇ ಗಡಿಯಾರ ಬೇಕು.

ದಕ್ಷಿಣ ಕರ್ನಾಟಕದ ವಿದ್ಯಾರ್ಥಿಗಳು ತಿಳಿಯಲೇಬೇಕಾದ ಇನ್ನೊಂದು ಬಗೆಯಿದೆ. ಹಂಡೆಯ ಬಿಸಿನೀರನ್ನು ಚೊಂಬಿನಿಂದ ಮೇಲಿಂದ ಮೇಲೆ ತಲೆಗೆ ಸುರಿದುಕೊಳ್ಳುವಾಗ ಕೆಲವರಿಗೆ, ಅದರಲ್ಲೂ ಮಕ್ಕಳಿಗೆ, ಸೆಳವು ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದನ್ನು ವಿವರವಾಗಿ ಅಭ್ಯಸಿಸಿದ್ದಾರೆ. ನೀರಿನ ಬಿಸಿ ತಗ್ಗಿಸಿದರೆ ಹಲವರಿಗೆ ಅರ್ಧ ತೊಂದರೆ ತಪ್ಪುತ್ತದೆ. ಬಚ್ಚಲಮನೆಯ ವಿಚಾರ ಕೇಳದ ವೈದ್ಯನಿಗೆ ಈ ಕಾಯಿಲೆ ಸಿಕ್ಕುವುದೇ ಇಲ್ಲ!

ಇನ್ನು, ವೈದ್ಯಕೀಯ ಓದುತ್ತಿರುವವರಿಗೇ ಅಪಸ್ಮಾರವಿದ್ದರೆ? ಹಾಸ್ಟೆಲಿನಲ್ಲಿ ಮಾತ್ರೆಯ ಪಟ್ಟಿಯನ್ನು ಪೆಟ್ಟಿಗೆಯ ತಳದಲ್ಲಿ ಬಚ್ಚಿಡುವ ಹುಡುಗಿಯರಿದ್ದಾರೆ. 'ಯಾರಿಗೂ ಹೇಳಬೇಡಮ್ಮಾ, ನಾಳೆ ಮದುವೆ ಮಾಡಬೇಕು' ಎಂದು ತಂದೆತಾಯಿಯೇ ಕಿವಿಯಲ್ಲಿ ಹೇಳಿ ಕಳಿಸಿರುತ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯೆಂದು ಹುಚ್ಚಿನ ಜೊತೆಗೆ ಸೇರಿಸಿದ್ದ 'ಅಪಸ್ಮಾರ' ಎಂಬ ಮಾತನ್ನು 1999ರಲ್ಲೇ ತೆಗೆದುಹಾಕಲಾಗಿದೆ. ಮನೆಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ. ಗುಟ್ಟು ಕಾಯುವ ಭರದಲ್ಲಿ ಮಾತ್ರೆ ತಪ್ಪುತ್ತದೆ, ಪರೀಕ್ಷೆಗೆಂದು ನಿದ್ದೆ ಕೆಡುತ್ತದೆ. ಸೆಳವು ಮರುಕಳಿಸಲು ಇವೆರಡೇ ಸಾಕು. ರೂಮಿನ ಗೆಳತಿಗಾದರೂ ವಿಷಯ ತಿಳಿದಿದ್ದರೆ ರಾತ್ರಿ ಪಕ್ಕಕ್ಕೆ ಹೊರಳಿಸಿ ಮಲಗಿಸಲು ಒಂದು ಜೀವವಿರುತ್ತದೆ.

ಸರಿಯಾದ ಚಿಕಿತ್ಸೆ ಸಿಕ್ಕರೆ 100ರಲ್ಲಿ 70 ಮಂದಿಯವರೆಗೆ ಸೆಳವಿಲ್ಲದೆ ಬದುಕಬಲ್ಲರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 1912ರಿಂದ ಬಳಕೆಯಲ್ಲಿರುವ ಫಿನೊಬಾರ್ಬಿಟಾಲ್ ಇಂದಿಗೂ ಅಗ್ಗದ ಮಾತ್ರೆ. ಗುಣವಾಯಿತೆಂದು ತಾವಾಗಿಯೇ ಅದನ್ನು ಥಟ್ಟನೆ ನಿಲ್ಲಿಸುವುದು ಅಪಾಯ. ಔಷಧದಂಗಡಿಯ ಕಟ್ಟೆಯ ಹಿಂದೆ ನಾಳೆ ನಿಲ್ಲಲಿರುವ ಫಾರ್ಮಸಿ ವಿದ್ಯಾರ್ಥಿ, ಮಾತ್ರೆ ಕೈಗಿಡುವಾಗ ಈ ಒಂದು ಮಾತು ಹೇಳಿದರೂ ಆಯಿತು.