ಗ್ರಂಥಾಲಯದ ಆಡಳಿತವೂ ಅಧಿಕಾರಿಯ ಆಯ್ಕೆಯೂ

ಸಾರ್ವಜನಿಕ ಗ್ರಂಥಾಲಯವನ್ನು ಸ್ಥಾಪಿಸುವುದಕ್ಕಿಂತ, ಅದರ ಮುಖ್ಯಾಧಿಕಾರಿಯು ಹೊರಟುಹೋದ ಬಳಿಕ ಅದನ್ನು ನಡೆಸಿಕೊಂಡು ಹೋಗುವುದು ಕಠಿನತರವಾದ ಕಾರ್ಯ. ಈ ವಿಷಯದಲ್ಲಿ ಬರೋಡಾ ಸಂಸ್ಥಾನದ ಅನುಭವವು ಗಮನಾರ್ಹವಾದುದು.

ಮೂರನೆಯ ಸಯಾಜಿರಾವ್ ಗಾಯಕವಾಡ ಮಹಾರಾಜರು 1906ರಲ್ಲಿ ತಮ್ಮ ಸಂಸ್ಥಾನದಲ್ಲೆಲ್ಲ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದರು. ಶಾಲೆಯಲ್ಲಿ ಕಲಿತ ಅಕ್ಷರವು ಮರೆತುಹೋಗದಿರಬೇಕಾದರೆ ಹಳ್ಳಿಗಳಲ್ಲಿ ಪುಸ್ತಕಗಳಿರಬೇಕಷ್ಟೆ. ಈ ಉದ್ದೇಶವು ಖಚಿತವಾದ ಮೇಲೆಯೇ ಅದಕ್ಕೆ ತಕ್ಕ ವ್ಯಕ್ತಿಯನ್ನು ಅರಸಲಾಯಿತು. ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಗ್ರಂಥಪಾಲರಾಗಿದ್ದ ವಿಲಿಯಂ ಅಲನ್ಸನ್ ಬೋರ್ಡನ್ ಅವರನ್ನು 1910ರಲ್ಲಿ ಗ್ರಂಥಾಲಯಗಳ ನಿರ್ದೇಶಕರನ್ನಾಗಿ ಬರಮಾಡಿಕೊಂಡರು.

ಬೋರ್ಡನ್ನರು ಬರೋಡೆಯಲ್ಲಿದ್ದುದು ಸುಮಾರು ಮೂರೇ ವರ್ಷ. 1913ರಲ್ಲಿ ಅವರು ಸ್ವದೇಶಕ್ಕೆ ಮರಳಿದರೂ ಕಾರ್ಯವು ನಿಲ್ಲಲಿಲ್ಲ. ಇದಕ್ಕೆ ಎರಡು ಕಾರಣಗಳನ್ನು ಹೇಳಬಹುದು. ಮೊದಲನೆಯದಾಗಿ, 1911ರಲ್ಲಿಯೇ ತರಬೇತಿಯ ವರ್ಗವನ್ನು ತೆರೆದು ಅವರು ಸ್ಥಳೀಯರನ್ನು ಸಿದ್ಧಗೊಳಿಸಿದ್ದರು. ಎರಡನೆಯದಾಗಿ, ಹಳ್ಳಿಯ ಗ್ರಂಥಾಲಯಕ್ಕೆ ಊರವರು ಹಣ ಕೂಡಿಸಿದರೆ ಪ್ರಾಂತ ಪಂಚಾಯತಿಯೂ ಸರಕಾರವೂ ತಮ್ಮ ತಮ್ಮ ಪಾಲನ್ನು ಸೇರಿಸುವ ಏರ್ಪಾಡಿತ್ತು. ತಮ್ಮ ಹಣವೂ ಕೂಡಿದ್ದ ಸಂಸ್ಥೆಯನ್ನು ಊರವರು ಪರಕೀಯವೆಂದು ಬಗೆಯುವ ಕಾರಣವಿರಲಿಲ್ಲ.

ಆದಕಾರಣ ನೂತನ ಅಧಿಕಾರಿಯನ್ನು ಆಯುವ ಮಂಡಲಿಯು ಅಭ್ಯರ್ಥಿಯ ಪದವಿ, ಅನುಭವಗಳೊಡನೆ ಇನ್ನೊಂದನ್ನೂ ವಿಚಾರಿಸತಕ್ಕದ್ದು: ತಾವು ಹೊರಡುವ ದಿನ ಹೊಣೆಯನ್ನು ವಹಿಸಿಕೊಳ್ಳಬಲ್ಲವರನ್ನು ಇವರು ಸಿದ್ಧಗೊಳಿಸುವರೆ? ಗ್ರಂಥಾಲಯದ ಹೊಣೆಯಲ್ಲಿ ಓದುಗರಿಗೂ ಪಾಲುಂಟೆ ಎಂಬುದನ್ನು ಮಂಡಲಿಯು ತನ್ನನ್ನೇ ಕೇಳಿಕೊಳ್ಳಬೇಕು. ಈ ಎರಡಕ್ಕೂ ಉತ್ತರ ದೊರೆತಲ್ಲಿ, ಅಧಿಕಾರಿಗಳು ಬದಲಾದರೂ ಗ್ರಂಥಾಲಯದ ಬಾಗಿಲು ತೆರೆದೇ ಇರುವುದು.